ಐರೋಪ್ಯ ಸಹಯೋಗ ಯೋಜನೆಗಳು: ಸಹಭಾಗಿಗಳ ಶೋಧ ಮತ್ತು ಸಾರ್ವಜನಿಕ ಅನುದಾನದ ಸ್ವರೂಪ

ಸರ್ಕಾರದ ಅನುದಾನವನ್ನು ಬಯಸುವ ಯಾವುದೇ ಸಂಸ್ಥೆ ತಾನು ಮಾಡಲಿರುವ ಕೆಲಸವೇನು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಐರೋಪ್ಯ ಒಕ್ಕೂಟದ ಬಹುಪಾಲು ಅನುದಾನಗಳ ವಿಷಯದಲ್ಲಿ ಇವೆರಡಕ್ಕೂ ಮೊದಲು ಮೂರನೆಯ ಪ್ರಶ್ನೆಯೊಂದು ಎದುರಾಗುತ್ತದೆ. ನಿಮ್ಮೊಡನೆ ಈ ಕೆಲಸವನ್ನು ಮಾಡಲು ಒಪ್ಪಿರುವ ಪರದೇಶದ ಸಂಸ್ಥೆ ಯಾವುದು ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವಿಲ್ಲದಿದ್ದರೆ ಉಳಿದೆರಡು ಉತ್ತರಗಳು ಎಷ್ಟೇ ಸಮರ್ಪಕವಾಗಿದ್ದರೂ ಅರ್ಜಿ ಪರಿಶೀಲನೆಯ ಹಂತವನ್ನೇ ತಲುಪುವುದಿಲ್ಲ. ಸಹಭಾಗಿಯನ್ನು ಹುಡುಕುವುದು ಇಲ್ಲಿ ಯೋಜನೆಯ ಪೂರ್ವಸಿದ್ಧತೆಯಲ್ಲ, ಯೋಜನೆಯ ಮೊದಲನೆಯ ಅಂಗ. ಈ ವ್ಯವಸ್ಥೆ ಹೇಗೆ ರೂಪುಗೊಂಡಿತು, ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಪ್ರಯೋಜನವಾಗಿದೆ, ಯಾರು ಹೊರಗುಳಿದಿದ್ದಾರೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಎರಡನೆಯ ಮಹಾಯುದ್ಧ ಮುಗಿದ ಹದಿಮೂರು ವರ್ಷಗಳಿಗೆ, 1958ರಲ್ಲಿ, ಜರ್ಮನಿ ಮತ್ತು ನೆದರ್ಲೆಂಡ್ಸ್‌ಗಳ ಗಡಿಯಲ್ಲಿರುವ ಗ್ರೋನಾವ್ ಹಾಗೂ ಎನ್ಸ್‌ಖೆಡೆ ಪಟ್ಟಣಗಳ ಸುತ್ತಣ ಸ್ಥಳೀಯ ಆಡಳಿತಗಳು ಸೇರಿ 'ಯೂರೆಜಿಯೊ' ಎಂಬ ಸಂಘಟನೆಯನ್ನು ಕಟ್ಟಿಕೊಂಡವು. ರಾಷ್ಟ್ರ ರಾಜಧಾನಿಗಳಿಂದ ದೂರವಾದ, ರಸ್ತೆ ಮತ್ತು ಉದ್ಯೋಗಗಳ ದೃಷ್ಟಿಯಿಂದ ಹಿಂದುಳಿದ ಪ್ರದೇಶವದು. ಎರಡೂ ಕಡೆಯ ಜನ ತಮ್ಮ ತಮ್ಮ ದೇಶದ ಅಂಚಿನಲ್ಲಿದ್ದರು. ಒಟ್ಟಾಗಿ ನೋಡಿದರೆ ಮಾತ್ರ ಅದೊಂದು ನಡುನಾಡಾಗಿ ಕಾಣುತ್ತಿತ್ತು. ಈ ಸಂಘಟನೆಯ ಬೆನ್ನಿಗೆ ಆಗ ಸಮುದಾಯದ ಹಣವೇನೂ ಇರಲಿಲ್ಲ. ಅದಕ್ಕೆ ಮೂರು ದಶಕಗಳೇ ಕಾಯಬೇಕಾಯಿತು. 1990ರಲ್ಲಿ ಐರೋಪ್ಯ ಆಯೋಗವು 'ಇಂಟರ್‌ರೆಗ್' ಎಂಬ ಕಾರ್ಯಕ್ರಮವನ್ನು ಸುಮಾರು 110 ಕೋಟಿ ಎಕ್ಯುಗಳ ಮೊತ್ತದಿಂದ ಆರಂಭಿಸಿತು. ಎಕ್ಯು ಎಂಬುದು ಯೂರೊ ನಾಣ್ಯಕ್ಕಿಂತ ಹಿಂದೆ ಸಮುದಾಯದ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿದ್ದ ಮಾನ. ಈಗ ನಡೆಯುತ್ತಿರುವುದು ಇದರ ಆರನೆಯ ಆವೃತ್ತಿ. ಇದರ ಅವಧಿ 2021ರಿಂದ 2027ರವರೆಗೆ.

ಇಂಟರ್‌ರೆಗ್ ಗಡಿಪ್ರದೇಶಗಳಿಗೆ ಸಂಬಂಧಿಸಿದ್ದು. ಸಂಶೋಧನೆಗೆ ಮೀಸಲಾದುದು 1984ರಲ್ಲಿ ಮೊದಲಾದ ಚೌಕಟ್ಟು ಕಾರ್ಯಕ್ರಮಗಳ ಪರಂಪರೆ. ಇದರ ಇಂದಿನ ರೂಪವಾದ 'ಹೊರೈಜನ್ ಯೂರೋಪ್'ಗೆ ಆರಂಭದಲ್ಲಿ ನಿಗದಿಯಾದ ಮೊತ್ತ 9,550 ಕೋಟಿ ಯೂರೊ. ಸಂಸ್ಕೃತಿಯ ಸರದಿ ಬಂದದ್ದು ತಡವಾಗಿ. 1957ರ ರೋಮ್ ಒಪ್ಪಂದದಲ್ಲಿ ಸಂಸ್ಕೃತಿಗೆ ಅನುದಾನ ಕೊಡುವ ಅಧಿಕಾರ ಸಮುದಾಯಕ್ಕೆ ಇರಲಿಲ್ಲ. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದವೇ ಅದಕ್ಕೆ ಮೊದಲ ಆಧಾರ. ಅದರ ಫಲವಾಗಿ 'ಕಲ್ಚರ್ 2000' ಎಂಬ ಕಾರ್ಯಕ್ರಮವೂ ಮುಂದೆ 2014ರಲ್ಲಿ 'ಕ್ರಿಯೇಟಿವ್ ಯೂರೋಪ್' ಎಂಬ ಕಾರ್ಯಕ್ರಮವೂ ಬಂದವು. ಎರಡನೆಯದರ 2021-27ರ ಅವಧಿಯ ಮೊತ್ತ ಸುಮಾರು 244 ಕೋಟಿ ಯೂರೊ. ಸಂಶೋಧನೆಗೆ ಕೊಟ್ಟುದರ ನಲವತ್ತರಲ್ಲಿ ಒಂದು ಭಾಗವಷ್ಟೇ ಇದು. ಚಲನಚಿತ್ರ, ಸಾಹಿತ್ಯ, ರಂಗಭೂಮಿ, ಸಂಗೀತ, ಪರಂಪರೆಯ ರಕ್ಷಣೆ ಎಲ್ಲವೂ ಇದರಲ್ಲೇ ಪಾಲು ಪಡೆಯಬೇಕು.

ಮೂರೂ ಕಾರ್ಯಕ್ರಮಗಳ ನಿಯಮಗಳು ಬೇರೆ ಬೇರೆ. ಆದರೆ ಅವುಗಳ ತಿರುಳು ಒಂದೇ. ಹೊರೈಜನ್‌ನ ಸಹಯೋಗ ಸಂಶೋಧನೆಗೆ ಪರಸ್ಪರ ಸ್ವತಂತ್ರವಾದ ಕನಿಷ್ಠ ಮೂರು ಸಂಸ್ಥೆಗಳು ಮೂರು ಬೇರೆ ದೇಶಗಳಿಂದ ಬರಬೇಕು. ಅವುಗಳಲ್ಲಿ ಒಂದಾದರೂ ಒಕ್ಕೂಟದ ಸದಸ್ಯ ದೇಶದ್ದಾಗಿರಬೇಕು. ಕ್ರಿಯೇಟಿವ್ ಯೂರೋಪ್‌ನ ಸಹಕಾರ ಯೋಜನೆಗಳಲ್ಲಿ ಸಣ್ಣದಕ್ಕೆ ಮೂರು ದೇಶಗಳ ಮೂರು ಸಂಸ್ಥೆಗಳು, ಮಧ್ಯಮ ಗಾತ್ರದ್ದಕ್ಕೆ ಐದು, ದೊಡ್ಡದಕ್ಕೆ ಹತ್ತು. ಸಣ್ಣ ಯೋಜನೆಗೆ ದೊರೆಯುವ ಗರಿಷ್ಠ ಅನುದಾನ 2 ಲಕ್ಷ ಯೂರೊ, ಮಧ್ಯಮಕ್ಕೆ 10 ಲಕ್ಷ, ದೊಡ್ಡದಕ್ಕೆ 20 ಲಕ್ಷ. ಒಟ್ಟು ವೆಚ್ಚದಲ್ಲಿ ಒಕ್ಕೂಟ ಭರಿಸುವ ಪಾಲು ಮಾತ್ರ ಗಾತ್ರ ಹೆಚ್ಚಿದಂತೆ ಕಡಿಮೆಯಾಗುತ್ತದೆ: ಶೇಕಡಾ 80, 70, 60. ಉಳಿದ ಮೊತ್ತವನ್ನು ಸಹಭಾಗಿಗಳೇ ವಂತಿಕೆಯಾಗಿ ಹೊಂದಿಸಿಕೊಳ್ಳಬೇಕು. ಇಂಟರ್‌ರೆಗ್‌ನಲ್ಲಿ ಸಹಭಾಗಿಗಳ ಸಂಖ್ಯೆಗಿಂತ ಅವರ ಕೂಡುವಿಕೆಯ ಗುಣಕ್ಕೆ ಮಹತ್ವ. ಯೋಜನೆಯನ್ನು ಒಟ್ಟಾಗಿ ರೂಪಿಸಿರಬೇಕು, ಒಟ್ಟಾಗಿ ನಡೆಸಬೇಕು. ಇದರ ಜೊತೆಗೆ ಸಿಬ್ಬಂದಿಯನ್ನಾಗಲಿ ಹಣವನ್ನಾಗಲಿ, ಅಥವಾ ಎರಡನ್ನೂ, ಕೂಡಿಸಿರಬೇಕು. ಗಡಿಯ ಈಚೆ ಒಂದು ಕೆರೆ, ಆಚೆ ಒಂದು ಕೆರೆ ತೋಡಿಸಿ ಎರಡಕ್ಕೂ ಒಂದೇ ಹೆಸರಿಟ್ಟರೆ ಅದು ಸಹಯೋಗವೆನಿಸುವುದಿಲ್ಲ.

ಸಹಭಾಗಿ ಎಲ್ಲಿ ಸಿಗುತ್ತಾನೆ? ಅಧಿಕೃತ ಉತ್ತರ ಸಿದ್ಧವಾಗಿದೆ. ಒಕ್ಕೂಟದ ಅನುದಾನ ಜಾಲತಾಣದಲ್ಲಿ ಪ್ರತಿಯೊಂದು ಅರ್ಜಿ ಆಹ್ವಾನದ ಜೊತೆಗೂ ಸಹಭಾಗಿಗಳನ್ನು ಅರಸುವ ಪ್ರಕಟಣೆಗಳಿಗೆ ಸ್ಥಳವಿದೆ. ಸಂಶೋಧನೆಗೆ ದೇಶದೇಶಗಳಲ್ಲಿ ರಾಷ್ಟ್ರೀಯ ಸಂಪರ್ಕ ಅಧಿಕಾರಿಗಳಿದ್ದಾರೆ. ಸಂಸ್ಕೃತಿಗೆ ಕ್ರಿಯೇಟಿವ್ ಯೂರೋಪ್‌ನ ಸಲಹಾ ಕಚೇರಿಗಳಿವೆ. ಇವರ ಸಲಹೆಗೆ ಶುಲ್ಕವಿಲ್ಲ. ಹಿಂದೆ ನಡೆದ ಸಂಶೋಧನಾ ಯೋಜನೆಗಳೆಲ್ಲ 'ಕಾರ್ಡಿಸ್' ಎಂಬ ದತ್ತಸಂಚಯದಲ್ಲಿವೆ. ಇಂಟರ್‌ರೆಗ್ ಯೋಜನೆಗಳು 'ಕೀಪ್' ಎಂಬ ಸಂಚಯದಲ್ಲಿವೆ. ಈ ಎರಡು ಸಂಚಯಗಳ ಉಪಯೋಗ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನದು. ತನ್ನ ವಿಷಯದಲ್ಲಿ ಈಗಾಗಲೇ ಯಾರು ಕೆಲಸ ಮಾಡಿದ್ದಾರೆ, ಯಾರ ಜೊತೆ ಮಾಡಿದ್ದಾರೆ, ಒಮ್ಮೆ ಕೂಡಿದವರು ಮತ್ತೊಮ್ಮೆ ಕೂಡಿದ್ದಾರೆಯೇ ಎಂಬುದನ್ನು ಅವುಗಳಿಂದ ತಿಳಿಯಬಹುದು. ಎರಡು ಸಂಸ್ಥೆಗಳು ಮೂರು ಯೋಜನೆಗಳಲ್ಲಿ ಜೊತೆಗೂಡಿದ್ದರೆ ಅವುಗಳ ನಡುವೆ ವಿಶ್ವಾಸವಿದೆಯೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಯಾವ ಶಿಫಾರಸು ಪತ್ರವೂ ಹೇಳದ ಸಂಗತಿಯಿದು.

ಆದರೆ ಅನಧಿಕೃತ ಉತ್ತರವೇ ಹೆಚ್ಚು ನಿಜವಾದುದು. ಬಹುಪಾಲು ಕೂಟಗಳು ಹುಟ್ಟುವುದು ಹಳೆಯ ಪರಿಚಯದಿಂದ: ಒಂದು ವಿಚಾರಸಂಕಿರಣದ ಊಟದ ವಿರಾಮದಲ್ಲಿ, ಒಬ್ಬ ಸಂಶೋಧಕ ಬೇರೆ ದೇಶದಲ್ಲಿ ಕಳೆದ ಒಂದು ವರ್ಷದಿಂದ, ಅವಳಿನಗರಗಳ ಪೌರಸಭೆಗಳ ಹಳೆಯ ನಂಟಿನಿಂದ. ಆದ್ದರಿಂದಲೇ ಬರಿಯ ಭೇಟಿಗೆ, ಜಾಲ ನಿರ್ಮಾಣಕ್ಕೆ ಕೊಡುವ ಹಣವನ್ನು ಅಲ್ಪವೆಂದು ಬಗೆಯಬಾರದು. 1971ರಲ್ಲಿ ಆರಂಭವಾದ 'ಕಾಸ್ಟ್' ಎಂಬ ಸಂಘಟನೆ ಸಂಶೋಧನೆಗೆ ಹಣ ಕೊಡುವುದೇ ಇಲ್ಲ; ಸಂಶೋಧಕರು ಸಭೆ ಸೇರಲು, ಒಬ್ಬರ ಪ್ರಯೋಗಶಾಲೆಗೆ ಇನ್ನೊಬ್ಬರು ಹೋಗಿಬರಲು ಮಾತ್ರ ಕೊಡುತ್ತದೆ. ದೊಡ್ಡ ಅನುದಾನಕ್ಕೆ ಬೇಕಾದ ಪರಿಚಯವನ್ನು ಸಣ್ಣ ಅನುದಾನ ಬೆಳೆಸುತ್ತದೆಯೆಂಬುದು ಇದರ ತರ್ಕ.

ಅರ್ಜಿ ಸಲ್ಲಿಸುವ ದಿನ ಹತ್ತಿರವಾದಾಗ ನಕ್ಷೆ ಹರಡಿಕೊಂಡು 'ಪೂರ್ವದಿಂದ ಒಂದು ದೇಶ ಬೇಕು, ದಕ್ಷಿಣದಿಂದ ಒಂದು ಬೇಕು' ಎಂದು ಹುಡುಕಾಡುವ ಪರಿಪಾಠವೂ ಇಲ್ಲದಿಲ್ಲ. ಹೀಗೆ ಲೆಕ್ಕಭರ್ತಿಗಾಗಿ ಸೇರಿಸಿಕೊಂಡ ಸಹಭಾಗಿಗೆ ಯೋಜನೆಯಲ್ಲಿ ಮಾಡಲು ಕೆಲಸವಿರುವುದಿಲ್ಲ. ಪರಿಶೀಲಕರು ಇದನ್ನು ಸುಲಭವಾಗಿ ಗುರುತಿಸುತ್ತಾರೆ. ಹೊರೈಜನ್‌ನಲ್ಲಿ ವೈಜ್ಞಾನಿಕ ಉತ್ಕೃಷ್ಟತೆ, ಪರಿಣಾಮ, ಅನುಷ್ಠಾನದ ಗುಣಮಟ್ಟ ಎಂಬ ಮೂರು ಅಂಶಗಳಿಗೆ ತಲಾ ಐದು ಅಂಕಗಳಿವೆ. ಸಾಮಾನ್ಯವಾಗಿ ಪ್ರತಿಯೊಂದರಲ್ಲೂ ಕನಿಷ್ಠ ಮೂರು, ಒಟ್ಟಿನಲ್ಲಿ ಕನಿಷ್ಠ ಹತ್ತು ಅಂಕ ಬರಬೇಕು. ಕೆಲಸವಿಲ್ಲದ ಸಹಭಾಗಿಯಿಂದ ಮೂರನೆಯ ಅಂಶದಲ್ಲಿ ಪೆಟ್ಟು ಬೀಳುತ್ತದೆ. 2014-20ರ ಆವೃತ್ತಿಯಲ್ಲಿ ಸಲ್ಲಿಕೆಯಾದ ಪ್ರಸ್ತಾವಗಳಲ್ಲಿ ಹಣ ಪಡೆದವು ಸುಮಾರು ಎಂಟರಲ್ಲಿ ಒಂದು ಎಂಬುದನ್ನು ನೆನೆದರೆ ಅರ್ಧ ಅಂಕದ ಬೆಲೆಯೇನೆಂದು ತಿಳಿಯುತ್ತದೆ.

ಇನ್ನು ಹಣದ ವಿಚಾರ. ಅನುದಾನ ಮಂಜೂರಾಯಿತೆಂದರೆ ಹಣ ಬಂದಿತೆಂದು ಅರ್ಥವಲ್ಲ. ನಮ್ಮಲ್ಲಿ ಹಣ ಬಳಕೆ ಪ್ರಮಾಣಪತ್ರ ಬರೆದು ಕೈಸೋತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರೈಜನ್ ಮತ್ತು ಕ್ರಿಯೇಟಿವ್ ಯೂರೋಪ್‌ಗಳಲ್ಲಿ ಒಂದು ಭಾಗ ಮುಂಗಡವಾಗಿ ಬರುತ್ತದೆ. ಕೊನೆಯ ಕಂತು ಅಂತಿಮ ವರದಿ ಅಂಗೀಕಾರವಾದ ಮೇಲೆ. ಇಂಟರ್‌ರೆಗ್‌ನ ದಾರಿ ಇನ್ನೂ ಕಠಿಣ. ಅಲ್ಲಿ ಸಾಮಾನ್ಯವಾಗಿ ಸಹಭಾಗಿ ಮೊದಲು ತನ್ನ ಕೈಯಿಂದ ಖರ್ಚು ಮಾಡಬೇಕು, ಆ ಖರ್ಚನ್ನು ತನ್ನ ದೇಶದ ನಿಯಂತ್ರಕರಿಂದ ದೃಢೀಕರಿಸಿಕೊಳ್ಳಬೇಕು, ಎಲ್ಲರ ದೃಢೀಕರಣವನ್ನೂ ಪ್ರಧಾನ ಸಹಭಾಗಿ ಒಟ್ಟುಗೂಡಿಸಿ ಸಲ್ಲಿಸಬೇಕು. ಆಮೇಲೆ ಹಣ ಪ್ರಧಾನ ಸಹಭಾಗಿಗೆ ಬಂದು, ಅಲ್ಲಿಂದ ಉಳಿದವರಿಗೆ ಹಂಚಿಕೆಯಾಗುತ್ತದೆ. ಒಬ್ಬ ಸಹಭಾಗಿಯ ಓಚರು ತಡವಾದರೆ ಎಲ್ಲರ ಹಣವೂ ತಡವಾಗುತ್ತದೆ. ಮಹಾನಗರಪಾಲಿಕೆಯೋ ವಿಶ್ವವಿದ್ಯಾಲಯವೋ ಆದರೆ ಒಂದು ವರ್ಷ ಕಾಯಬಲ್ಲದು. ಮೂವರು ನೌಕರರ ನಾಟಕ ಸಂಸ್ಥೆ ಅಷ್ಟು ಕಾಲ ಸಂಬಳ ಕೊಡದೆ ಉಳಿಯಲಾರದು. ಬಡ ಸಂಸ್ಥೆಯ ಮುಂದೆ ನಿಜವಾಗಿ ನಿಂತಿರುವ ತಡೆ ವಂತಿಕೆಯ ಶೇಕಡಾ ಇಪ್ಪತ್ತಲ್ಲ, ಉಳಿದ ಎಂಬತ್ತು ಬರುವವರೆಗಿನ ಕಾಲಾವಧಿ ಎಂಬುದು ಈ ಲೇಖಕನ ಅಭಿಪ್ರಾಯ.

ಈ ಕೊರತೆಯನ್ನು ಒಕ್ಕೂಟ ಕಾಣದೆ ಇಲ್ಲ. ಪ್ರತಿ ಬಿಲ್ಲನ್ನೂ ಪರಿಶೀಲಿಸುವ ಬದಲು, ಒಪ್ಪಿದ ಕೆಲಸ ಮುಗಿದಿದೆಯೇ ಎಂದು ನೋಡಿ ನಿಗದಿತ ಮೊತ್ತವನ್ನು ಇಡಿಯಾಗಿ ಕೊಡುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಇಂಟರ್‌ರೆಗ್‌ನಲ್ಲಿ ಸಣ್ಣ ಯೋಜನೆಗಳ ನಿಧಿಗೆ ಅವಕಾಶವಿದೆ. ಯೂರೆಜಿಯೊದಂತಹ ಗಡಿಸಂಘಟನೆಯೊಂದು ಲೆಕ್ಕಪತ್ರದ ಭಾರವನ್ನೆಲ್ಲ ತಾನು ಹೊತ್ತು, ಎರಡು ಊರುಗಳ ಗಾಯಕವೃಂದಗಳು ಸೇರಿ ಹಾಡುವಂತಹ ಸಣ್ಣ ಕಾರ್ಯಗಳಿಗೆ ಹಣ ಕೊಡಬಹುದು.

ಸಹಭಾಗಿತ್ವವೆಂಬುದು ಅರ್ಜಿಯ ಭಾಷೆಯನ್ನು ದಾಟಿ ಜೀವನ್ಮರಣದ ಪ್ರಶ್ನೆಯಾದ ಒಂದು ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಪೂರ್ವ ಪಿರನೀಸ್ ಪರ್ವತಗಳ ನಡುವೆ ಸುಮಾರು ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿ ಸೆರ್ದಾನ್ಯ ಎಂಬ ಕಣಿವೆಯಿದೆ. ಕಣಿವೆ ಒಂದು, ಎರಡೂ ಕಡೆಯ ಮೂಲಭಾಷೆ ಕ್ಯಾಟಲನ್. 1659ರ ಪಿರನೀಸ್ ಒಪ್ಪಂದದ ಫಲವಾಗಿ ಇದರ ಉತ್ತರ ಭಾಗ ಫ್ರಾನ್ಸಿಗೂ ದಕ್ಷಿಣ ಭಾಗ ಸ್ಪೇನಿಗೂ ಸೇರಿತು. ಮರುವರ್ಷ ಗಡಿ ಗುರುತಿಸುವಾಗ ಮೂವತ್ತಮೂರು ಗ್ರಾಮಗಳನ್ನು ಫ್ರಾನ್ಸಿಗೆ ಬಿಟ್ಟುಕೊಡುವುದೆಂದಾಯಿತು. ಲಿವಿಯಾ ಎಂಬುದು ಗ್ರಾಮವಲ್ಲ, ಪಟ್ಟಣವೆಂಬ ಕಾರಣದಿಂದ ಅದು ಸ್ಪೇನಿನಲ್ಲೇ ಉಳಿಯಿತು. ಇಂದಿಗೂ ಸುತ್ತಲೂ ಫ್ರಾನ್ಸಿನ ನೆಲದಿಂದ ಆವೃತವಾದ ಸ್ಪೇನಿನ ತುಣುಕು ಅದು. ಒಂದು ಶಬ್ದದ ಅರ್ಥವ್ಯಾಪ್ತಿ ಒಂದು ಊರಿನ ರಾಷ್ಟ್ರೀಯತೆಯನ್ನು ನಿರ್ಧರಿಸಿದ ಈ ಪ್ರಸಂಗ ಭಾಷಾಶಾಸ್ತ್ರಜ್ಞರ ಗಮನಕ್ಕೆ ಅರ್ಹವಾಗಿದೆ.

ಈ ಕಣಿವೆಯ ಫ್ರೆಂಚ್ ಭಾಗದವರಿಗೆ ತಮ್ಮ ದೇಶದ ದೊಡ್ಡ ಆಸ್ಪತ್ರೆಯಿರುವುದು ಪೆರ್ಪಿನ್ಯಾಂ ನಗರದಲ್ಲಿ, ಘಟ್ಟದ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರ. ಚಳಿಗಾಲದಲ್ಲಿ ಹಿಮ ಬಿದ್ದರೆ ಆ ದಾರಿಯನ್ನು ನಂಬುವಂತಿಲ್ಲ. ಗಡಿಗೆ ಅಂಟಿಕೊಂಡ ಸ್ಪೇನಿನ ಪುಚ್ಚೆರ್ದಾ ಪಟ್ಟಣದಲ್ಲಿ ಹಳೆಯ ಆಸ್ಪತ್ರೆಯೊಂದಿತ್ತು. ಕಣಿವೆಯ ಖಾಯಂ ಜನಸಂಖ್ಯೆ ಸುಮಾರು ಮೂವತ್ತು ಸಾವಿರ. ಪ್ರವಾಸಿಗರು ಬರುವ ಕಾಲದಲ್ಲಿ ಅದು ಹಲವು ಪಟ್ಟಾಗುತ್ತದೆ. ಎರಡು ದೇಶಗಳು ಒಂದೊಂದು ಆಸ್ಪತ್ರೆ ಕಟ್ಟುವಷ್ಟು ಜನರಿಲ್ಲ, ಒಂದೂ ಇಲ್ಲದೆ ಬಾಳುವಷ್ಟು ಸುರಕ್ಷತೆಯಿಲ್ಲ. ಕ್ಯಾಟಲೋನಿಯಾದ ಸರ್ಕಾರವೂ ಫ್ರಾನ್ಸಿನ ಆರೋಗ್ಯ ಆಡಳಿತವೂ ಹಲವು ವರ್ಷ ಚರ್ಚಿಸಿ ಪುಚ್ಚೆರ್ದಾದಲ್ಲಿ ಒಂದೇ ಆಸ್ಪತ್ರೆಯನ್ನು ಕಟ್ಟಲು ನಿರ್ಧರಿಸಿದವು. ಕಟ್ಟಡ ಮತ್ತು ಸಲಕರಣೆಗಳ ವೆಚ್ಚ ಸುಮಾರು 3.1 ಕೋಟಿ ಯೂರೊ. ಅದರ ಶೇಕಡಾ 60ರಷ್ಟನ್ನು ಇಂಟರ್‌ರೆಗ್ ಮೂಲಕ ಐರೋಪ್ಯ ನಿಧಿ ಭರಿಸಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಪತ್ರೆ ತೆರೆಯಿತು. ನಡೆಸುವ ವೆಚ್ಚದಲ್ಲಿ ಕ್ಯಾಟಲೋನಿಯಾದ ಪಾಲು ಐದರಲ್ಲಿ ಮೂರು, ಫ್ರಾನ್ಸಿನದು ಐದರಲ್ಲಿ ಎರಡು.

ಹಣ ಹೊಂದಿದ್ದು ಈ ಕಥೆಯ ಸುಲಭದ ಭಾಗ. ಯಾವ ದೇಶದ ಕಾನೂನಿನಂತೆ ಈ ಆಸ್ಪತ್ರೆಯ ಒಡೆತನ? ಅದಕ್ಕೆ ಉತ್ತರ ದೊರಕಿಸಿದ್ದು 2006ರ ಒಂದು ಐರೋಪ್ಯ ನಿಬಂಧನೆ. ಭಿನ್ನ ದೇಶಗಳ ಸಾರ್ವಜನಿಕ ಸಂಸ್ಥೆಗಳು ಸೇರಿ 'ಐರೋಪ್ಯ ಪ್ರಾದೇಶಿಕ ಸಹಕಾರ ಕೂಟ'ವೆಂಬ ಒಂದೇ ಕಾನೂನುಬದ್ಧ ವ್ಯಕ್ತಿಯಾಗಲು ಅದು ಅವಕಾಶ ಕೊಟ್ಟಿತು. 2010ರಲ್ಲಿ ಆಸ್ಪತ್ರೆಗಾಗಿ ಅಂತಹ ಕೂಟವೊಂದನ್ನು ಸ್ಥಾಪಿಸಲಾಯಿತು. ಆಮೇಲೂ ತೊಡಕುಗಳು ತಪ್ಪಲಿಲ್ಲ. ಎರಡು ದೇಶಗಳ ವೈದ್ಯರ ನೋಂದಣಿಯ ನಿಯಮಗಳು ಬೇರೆ, ದಾದಿಯರ ಸಂಬಳದ ಶ್ರೇಣಿ ಬೇರೆ, ವಿಮೆಯ ಮರುಪಾವತಿಯ ಕ್ರಮ ಬೇರೆ. ಫ್ರೆಂಚ್ ತಾಯಿಗೆ ಇಲ್ಲಿ ಹುಟ್ಟಿದ ಮಗು ಕಾಗದದ ಮೇಲೆ ವಿದೇಶದಲ್ಲಿ ಹುಟ್ಟಿದ ಮಗು. ಇಲ್ಲಿ ತೀರಿಕೊಂಡ ಅಜ್ಜನ ಶವವನ್ನು ಕೂಗಳತೆಯ ದೂರದ ಮನೆಗೆ ಒಯ್ಯುವುದೆಂದರೆ ಅದು ಅಂತಾರಾಷ್ಟ್ರೀಯ ಶವಸಾಗಣೆ. ಇಂತಹವಕ್ಕೆ ಒಂದೊಂದಾಗಿ ವಿಶೇಷ ವ್ಯವಸ್ಥೆಗಳನ್ನು ಮಾಡಿಕೊಳ್ಳಬೇಕಾಯಿತು. ಯೋಜನೆಯ ಅರ್ಜಿಯಲ್ಲಿ ಈ ಯಾವುದಕ್ಕೂ ಅಂಕಣವಿರುವುದಿಲ್ಲ. ಸಹಭಾಗಿಗಳ ನಡುವಣ ವಿಶ್ವಾಸ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ.

ಸೆರ್ದಾನ್ಯದ ವೃತ್ತಾಂತವನ್ನು ಓದುವ ಕನ್ನಡಿಗನಿಗೆ ತಲಪಾಡಿ ನೆನಪಾಗದಿರದು. ಕಾಸರಗೋಡಿನ ಉತ್ತರ ಭಾಗದ ಜನ ಚಿಕಿತ್ಸೆಗೆ ಮಂಗಳೂರನ್ನು ಆಶ್ರಯಿಸುವುದು ಬಹುಕಾಲದ ರೂಢಿ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಭೀತಿಯಿಂದ ಗಡಿಯ ರಸ್ತೆಗಳು ಮುಚ್ಚಿದಾಗ ರೋಗಿಗಳು ಅತ್ತಲೇ ಉಳಿಯಬೇಕಾಯಿತು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಅಲ್ಲಿ ಎರಡು ಸಾರ್ವಭೌಮ ದೇಶಗಳು, ಇಲ್ಲಿ ಒಂದೇ ದೇಶದ ಎರಡು ರಾಜ್ಯಗಳು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.

ಸಾರ್ವಜನಿಕ ಅನುದಾನವನ್ನು ನೆಚ್ಚಿಕೊಂಡವರ ಪಾಡು ಏನಾಗಬಹುದೆಂಬುದಕ್ಕೆ ಯೂರೋಪಿನ ಸಣ್ಣ ಭಾಷೆಗಳ ಇತಿಹಾಸ ಇನ್ನೊಂದು ನಿದರ್ಶನ. 1981ರಲ್ಲಿ ಐರೋಪ್ಯ ಸಂಸತ್ತು ಇಟಲಿಯ ಸದಸ್ಯ ಗಾಯೆತಾನೊ ಆರ್ಫೆಯವರ ವರದಿಯ ಆಧಾರದ ಮೇಲೆ ಪ್ರಾದೇಶಿಕ ಭಾಷೆಗಳ ಪರವಾಗಿ ನಿರ್ಣಯವೊಂದನ್ನು ಅಂಗೀಕರಿಸಿತು. ಮರುವರ್ಷ 'ಅಲ್ಪಬಳಕೆಯ ಭಾಷೆಗಳ ಐರೋಪ್ಯ ಕಚೇರಿ' ಸ್ಥಾಪನೆಯಾಯಿತು. ಸಮುದಾಯದ ಆಯವ್ಯಯದಲ್ಲಿ ಈ ಭಾಷೆಗಳಿಗಾಗಿ ಒಂದು ಪ್ರತ್ಯೇಕ ಶೀರ್ಷಿಕೆಯೂ ಸೇರಿತು. ಫ್ರೀಸಿಯನ್, ವೆಲ್ಷ್, ಬ್ರೆಟನ್, ಸಾರ್ಡಿನಿಯನ್ ಮುಂತಾದ ಭಾಷೆಗಳ ಕಾರ್ಯಕರ್ತರು ಒಬ್ಬರನ್ನೊಬ್ಬರು ಅರಿತು ಕೂಡಿ ಕೆಲಸ ಮಾಡಲು ಈ ಅಲ್ಪಮೊತ್ತ ಕಾರಣವಾಯಿತು. 1998ರ ಮೇ 12ರಂದು ಐರೋಪ್ಯ ನ್ಯಾಯಾಲಯವು ಬಡತನ ನಿವಾರಣೆಯ ಕಾರ್ಯಕ್ರಮವೊಂದಕ್ಕೆ ಸಂಬಂಧಿಸಿ ಬ್ರಿಟನ್ ಹೂಡಿದ್ದ ದಾವೆಯಲ್ಲಿ ತೀರ್ಪು ಕೊಟ್ಟಿತು. ಗಣನೀಯವಾದ ವೆಚ್ಚಕ್ಕೆ ಆಯವ್ಯಯದ ನಮೂದು ಸಾಲದು, ಅದಕ್ಕೆ ಮುಂಚಿತವಾಗಿ ಪ್ರತ್ಯೇಕ ಶಾಸನಾಧಾರ ಇರಲೇಬೇಕು ಎಂಬುದು ಅದರ ಸಾರ. ಭಾಷೆಗಳ ಮಾತೇ ಆ ದಾವೆಯಲ್ಲಿರಲಿಲ್ಲ. ಆದರೆ ಭಾಷೆಗಳ ಶೀರ್ಷಿಕೆಗೂ ಅಂತಹ ಶಾಸನಾಧಾರ ಇರಲಿಲ್ಲವಾದ್ದರಿಂದ ಅದೂ ನಿಂತುಹೋಯಿತು. 2010ರಲ್ಲಿ ಕಚೇರಿಯೇ ಮುಚ್ಚಿತು. ಇಂದು ಆ ಭಾಷೆಗಳವರು ಸಂಸ್ಕೃತಿ, ಶಿಕ್ಷಣ, ಗಡಿಪ್ರದೇಶ ಮೊದಲಾದ ಸಾಮಾನ್ಯ ಕಾರ್ಯಕ್ರಮಗಳಲ್ಲಿ ದೊಡ್ಡ ಭಾಷೆಗಳವರೊಡನೆ ಸ್ಪರ್ಧಿಸಿ ಹಣ ಪಡೆಯಬೇಕಾಗಿದೆ. ಒಂದು ಭಾಷೆಗೆ ಆಯವ್ಯಯದಲ್ಲಿ ಸಾಲೊಂದು ದೊರೆತಾಗ, ಆ ಸಾಲಿನ ಹಿಂದೆ ಶಾಸನವಿದೆಯೇ ಎಂದು ಕೇಳುವ ರೂಢಿ ಅಕಾಡೆಮಿಗಳ ವಲಯದಲ್ಲಿ ನಮಗೂ ಇರಬೇಕಾದದ್ದೇ.

ಸಹಭಾಗಿಯ ಯೋಗ್ಯತೆ ಅವನ ಕೈಯಲ್ಲಿಲ್ಲದ ಕಾರಣಗಳಿಂದಲೂ ಬದಲಾಗಬಹುದು. 2014ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ವಲಸೆಯನ್ನು ಮಿತಗೊಳಿಸಬೇಕೆಂದು ತೀರ್ಮಾನಿಸಿದ ಮೇಲೆ ಆ ದೇಶ ಸಂಶೋಧನಾ ಕಾರ್ಯಕ್ರಮಕ್ಕೆ ಸೇರುವ ಮಾತುಕತೆ ಸ್ಥಗಿತಗೊಂಡಿತು. ಪೂರ್ಣ ಸದಸ್ಯತ್ವ ಮರಳಿದ್ದು 2017ರಲ್ಲಿ. 2020ರ ಜನವರಿಯಲ್ಲಿ ಒಕ್ಕೂಟವನ್ನು ತೊರೆದ ಬ್ರಿಟನ್ 2021ರಿಂದ ಕ್ರಿಯೇಟಿವ್ ಯೂರೋಪ್‌ನ ಹೊರಗುಳಿಯಿತು, ಹೊರೈಜನ್‌ಗೆ ಸಹವರ್ತಿ ದೇಶವಾಗಿ ಮರಳಿದ್ದು 2024ರ ಜನವರಿ 1ರಿಂದ. ನಡುವಣ ವರ್ಷಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳನ್ನು ಪ್ರಧಾನ ಸಹಭಾಗಿಯಾಗಿಸಲು ಇತರರು ಹಿಂಜರಿದರು. ಇದಕ್ಕೆ ಗಮನಾರ್ಹವಾದ ಅಪವಾದ ಉತ್ತರ ಐರ್ಲೆಂಡ್. 1995ರಲ್ಲಿ ಆರಂಭವಾದ ಶಾಂತಿ ನಿಧಿಯ ನೆರವಿನಿಂದ ಡೆರಿ ನಗರದ ಫಾಯ್ಲ್ ನದಿಗೆ 2011ರಲ್ಲಿ ಕಾಲುಸೇತುವೆಯೊಂದು ನಿರ್ಮಾಣವಾಗಿ, ಬಹುಕಾಲ ಬೇರೆಯಾಗಿದ್ದ ಎರಡು ದಂಡೆಗಳ ಜನರಿಗೆ ನಡೆದು ದಾಟುವ ದಾರಿಯಾಯಿತು. ಬ್ರಿಟನ್ ಹೊರಬಂದರೂ ಆ ನಿಧಿಯನ್ನು ಎರಡೂ ಕಡೆಯವರು ಕೈಬಿಡಲಿಲ್ಲ; 'ಪೀಸ್‌ಪ್ಲಸ್' ಎಂಬ ಹೆಸರಿನಲ್ಲಿ 110 ಕೋಟಿ ಯೂರೊಗೂ ಮೇಲ್ಪಟ್ಟ ಮೊತ್ತದೊಡನೆ ಅದು ಮುಂದುವರಿಯಿತು.

ಕರ್ನಾಟಕದ ಸಂಸ್ಥೆಗಳಿಗೆ ಈ ವ್ಯವಸ್ಥೆಯಲ್ಲಿ ಪ್ರವೇಶವಿದೆಯೇ ಎಂಬ ಪ್ರಶ್ನೆ ಸಹಜ. ಭಾರತ ಮತ್ತು ಐರೋಪ್ಯ ಸಮುದಾಯಗಳ ನಡುವೆ ವಿಜ್ಞಾನ ಮತ್ತು ತಂತ್ರಜ್ಞಾನ ಒಪ್ಪಂದಕ್ಕೆ ಸಹಿಯಾದದ್ದು 2001ರಲ್ಲಿ. 2007-13ರ ಏಳನೆಯ ಚೌಕಟ್ಟು ಕಾರ್ಯಕ್ರಮದಲ್ಲಿ ಭಾರತೀಯ ಸಂಸ್ಥೆಗಳು ಸಹಭಾಗಿಯಾಗಿ ಸೇರಿದರೆ ಐರೋಪ್ಯ ಅನುದಾನಕ್ಕೆ ತಾವಾಗಿಯೇ ಅರ್ಹವಾಗುತ್ತಿದ್ದವು. 2014ರಿಂದ ಆ ಸೌಲಭ್ಯ ತಪ್ಪಿತು. ಅಂದಿನಿಂದ ಸಹಭಾಗಿಯಾಗಲು ಅಡ್ಡಿಯಿಲ್ಲ, ಆದರೆ ಸಾಮಾನ್ಯವಾಗಿ ತನ್ನ ಪಾಲಿನ ವೆಚ್ಚವನ್ನು ತಾನೇ ತರಬೇಕು; ಇದಕ್ಕಾಗಿ ಭಾರತ ಸರ್ಕಾರದ ವಿಜ್ಞಾನ ಇಲಾಖೆಗಳು ಆಯ್ದ ವಿಷಯಗಳಲ್ಲಿ ಸಹ ಅನುದಾನದ ವ್ಯವಸ್ಥೆಯೊಂದನ್ನು 2018ರಲ್ಲಿ ಏರ್ಪಡಿಸಿದವು. ವ್ಯಕ್ತಿಗಳ ಮಾತು ಬೇರೆ. ಮಾರಿ ಕ್ಯೂರಿ ಹೆಸರಿನ ಸಂಶೋಧನಾ ವೇತನಕ್ಕೆ ರಾಷ್ಟ್ರೀಯತೆಯ ಕಟ್ಟುಪಾಡಿಲ್ಲ. ಯೂರೋಪಿನ ವಿಶ್ವವಿದ್ಯಾಲಯವೊಂದು ಆತಿಥ್ಯ ವಹಿಸಲು ಒಪ್ಪಿದರೆ ಕನ್ನಡ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವ ತರುಣ ವಿದ್ವಾಂಸನೂ ಅದಕ್ಕೆ ಅರ್ಜಿ ಹಾಕಬಹುದು.

ಸಂಸ್ಕೃತಿಯ ಕಡೆ ಬಾಗಿಲು ಇನ್ನೂ ಕಿರಿದು. ಕ್ರಿಯೇಟಿವ್ ಯೂರೋಪ್‌ನ ಸಹಕಾರ ಯೋಜನೆಗಳಲ್ಲಿ ನಮ್ಮ ರಂಗತಂಡವೋ ಪ್ರಕಾಶನವೋ ಹಣ ಪಡೆಯದ ಜೊತೆಗಾರ ಸಂಸ್ಥೆಯಾಗಿ ಸೇರಬಹುದು; ಕನಿಷ್ಠ ಸಹಭಾಗಿಗಳ ಎಣಿಕೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಯಾವ ಕಾರ್ಯಕ್ರಮವಾದರೂ ಹಣ ಪಡೆಯುವ ಸಹಭಾಗಿಗೆ ಮೊದಲು ಬೇಕಾಗುವುದು ಒಕ್ಕೂಟದ ಜಾಲತಾಣದಲ್ಲಿ ದೊರೆಯುವ ಒಂಬತ್ತು ಅಂಕಿಗಳ ಗುರುತುಸಂಖ್ಯೆ. ಅದಕ್ಕೆ ಶುಲ್ಕವಿಲ್ಲ, ಕೊನೆಯ ದಿನಾಂಕವೂ ಇಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ನೋಂದಾಯಿಸಿಕೊಳ್ಳಬಹುದು.